ಯಾರ ನಿದ್ದೆಗೆ ಯಾರ ಮಾತ್ರೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಗಾದೆ ಕಟ್ಟಿದವರ ಕಣ್ಣಿಗೆ ಮೂಟೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ ಗಂಡಸೇ ಬಿದ್ದಿರಬೇಕು, ಅದಕ್ಕೇ 'ಇಲ್ಲದವನಿಗೆ' ಎಂದರು. ಸೊಪ್ಪು, ಹುಣಸೆಹಣ್ಣು ಹರವಿಕೊಂಡು ಕೂತ ಹೆಂಗಸು ಸಂತೆಯಲ್ಲಿ ಹಾಗೆ ಮೈಮರೆತು ಮಲಗಿದ್ದನ್ನು ನಾನಂತೂ ನೋಡಿಲ್ಲ. ತಕ್ಕಡಿಯ ಮೇಲೊಂದು ಕಣ್ಣು, ಮಡಿಲ ಮಗುವಿನ ಮೇಲೊಂದು ಕಣ್ಣು, ಮನಸ್ಸೆಲ್ಲ ಊರಿಗೆ ಹೋಗುವ ಕೊನೆಯ ಬಸ್ಸಿನ ಮೇಲೆ. ಹೆಣ್ಣಿನ ನಿದ್ದೆಯ ಬಗ್ಗೆ ನಮ್ಮ ಹಿರಿಯರು ಆಡುತ್ತಿದ್ದ ಮಾತುಗಳೆಲ್ಲ ಹೆಚ್ಚುಕಡಿಮೆ ಬೈಗುಳಗಳೇ. ಹೊತ್ತು ಹುಟ್ಟಿದ ಮೇಲೆ ಎದ್ದ ಸೊಸೆಯನ್ನು ಮೆಚ್ಚಿದ ಒಂದು ಮಾತೂ ನನಗೆ ನೆನಪಿಗೆ ಬರುತ್ತಿಲ್ಲ.

ಶ್ರೀನಿವಾಸಪುರಕ್ಕೆ ನಾನು ಸೊಸೆಯಾಗಿ ಬಂದು ಮೂವತ್ತು ವರ್ಷಗಳ ಮೇಲಾಯಿತು. ಈ ಕಡೆಯ ಹೆಂಗಸರಿಗೆ ನಿದ್ದೆಗೆಡಲು ಕಾರಣ ಹುಡುಕಬೇಕಾಗಿಲ್ಲ. ಮಾವಿನ ಮರ ಹೂ ಬಿಟ್ಟಾಗ ಮಂಜು ಬಿದ್ದರೆ ಚಿಂತೆ, ಕಾಯಿ ಕಚ್ಚಿದ ಮೇಲೆ ಆಲಿಕಲ್ಲು ಬಿದ್ದರೆ ಚಿಂತೆ. ಎರಡನ್ನೂ ದಾಟಿ ಮಂಡಿಗೆ ಹೋದ ತೋತಾಪುರಿಗೆ ಬೆಲೆ ಬಿದ್ದುಹೋದರೆ ಇನ್ನೂ ದೊಡ್ಡ ಚಿಂತೆ. 2025ರ ಜೂನ್‌ನಲ್ಲಿ ಪಕ್ಕದ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿ ಅಲ್ಲಿಗೆ ಬರಕೂಡದೆಂದು ತಡೆದಾಗ ಗಂಡಸರು ರಸ್ತೆಗಿಳಿದು ಕೂಗಿದರು. ಹೆಂಗಸರು ಮನೆಯಲ್ಲಿ ಯಾರ ಯಾರ ಬಡ್ಡಿ ಯಾವಾಗ ಕಟ್ಟಬೇಕೆಂದು ಕತ್ತಲೆಯಲ್ಲಿ ಲೆಕ್ಕ ಹಾಕುತ್ತಾ ಮಲಗಿದ್ದರು. 1,500 ಅಡಿ ಕೊರೆದರೂ ಧೂಳು ಬಿಟ್ಟು ಏನೂ ಬರದ ಕೊಳವೆ ಬಾವಿಗಳ ಸಾಲ ಇನ್ನೊಂದು ಕಡೆ. ರೇಷ್ಮೆ ಸಾಕುವ ಮನೆಗಳಲ್ಲಂತೂ ನಾಲ್ಕನೇ ಜ್ವರ ಎದ್ದ ಹುಳುವಿಗೆ ಅಪರಾತ್ರಿಯಲ್ಲೂ ಸೊಪ್ಪು ಹಾಕಬೇಕು. ಹುಳುವಿಗೂ ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂತು ನಿದ್ದೆ ಮಾಡುವ ಹಕ್ಕಿದೆ. ಸಾಕುವವಳಿಗೆ ಅಷ್ಟೂ ಇಲ್ಲ.

ಹೀಗೆ ನಿದ್ದೆಗೆಟ್ಟ ಮನೆಗಳಲ್ಲಿ ಈಗ ಒಂದು ಪುಟ್ಟ ಮಾತ್ರೆ ಇದೆ. ಕೆಲವರು ಇದನ್ನು ನಿದ್ದೆ ಮಾತ್ರೆ ಎನ್ನುತ್ತಾರೆ, ಕೆಲವರು ಟೆನ್ಷನ್ ಮಾತ್ರೆ ಎನ್ನುತ್ತಾರೆ, ಇನ್ನು ಕೆಲವರಿಗೆ ಬರೀ 'ಚಿಕ್ಕ ಮಾತ್ರೆ'. ಅಲ್ಪ್ರಾಜೋಲಾಮ್, ಡಯಾಜೆಪಾಮ್, ಲೋರಾಜೆಪಾಮ್, ಕ್ಲೋನಾಜೆಪಾಮ್ ಎಂಬ ನಾಲಿಗೆ ತಿರುಗದ ಹೆಸರುಗಳು ಹಾಳೆಯ ಹಿಂಭಾಗದಲ್ಲಿ ಇರುತ್ತವೆ, ಅದನ್ನು ಓದುವವರು ಯಾರು? ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪಕ್ಕದ ಮನೆಯವರ ಮುಂದೆ ಹರವಿ ಲೆಕ್ಕ ಹೇಳುವವರೂ ಇದನ್ನು ಮಾತ್ರ ಸೆರಗಿನ ಮರೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಾಗೆ ಮುಚ್ಚಿಡುವುದನ್ನು ಕಂಡಾಗಲೆಲ್ಲ ಇದು ಬರೀ ಔಷಧಿಯ ವಿಷಯವಲ್ಲ, ಸರಿ ತಪ್ಪಿನ ವಿಷಯವೂ ಹೌದು ಎಂದು ನನಗೆ ಅನ್ನಿಸಿದೆ.

ನಮ್ಮ ಸಾಲಿನಲ್ಲಿದ್ದ ಹಿರಿಯಾಕೆಯೊಬ್ಬರ ಸಂಗತಿ ಹೇಳುತ್ತೇನೆ. ಯಜಮಾನರು ಇದ್ದಕ್ಕಿದ್ದಂತೆ ತೀರಿಹೋದಾಗ ಆಕೆಗೆ ಐವತ್ತು ದಾಟಿತ್ತು. ಹತ್ತು ಹನ್ನೆರಡು ದಿನ ಕಣ್ಣು ಮುಚ್ಚಲಿಲ್ಲ. ವೈದ್ಯರು ಒಂದು ಮಾತ್ರೆ ಬರೆದುಕೊಟ್ಟರು. ಅದು ಸರಿಯೇ, ಆ ಹೊತ್ತಿಗೆ ಆಕೆಗೆ ಅದು ಬೇಕಿತ್ತು. ಆದರೆ ಯಾವಾಗ ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಹಳೆಯ ಚೀಟಿ ಮಡಿಕೆಗಳಲ್ಲಿ ಹರಿದು ತುಂಡಾದ ಮೇಲೂ ಅಂಗಡಿಯಲ್ಲಿ ಮುಖ ನೋಡಿ ಮಾತ್ರೆ ಕೊಡುತ್ತಿದ್ದರು. ಹೀಗೇ ಇಪ್ಪತ್ತು ವರ್ಷ ಕಳೆಯಿತು. ಒಂದು ರಾತ್ರಿ ಬಚ್ಚಲಿಗೆ ಹೋಗಲು ಎದ್ದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು.

ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಆಕೆಗೆ ಮೈಯೆಲ್ಲ ನಡುಕ, ಬೆವರು. ಇಲ್ಲದವರನ್ನು ಇದ್ದಾರೆಂದು ಮಾತಾಡಿಸುವುದು, ಹಾಸಿಗೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಕೊಡವುವುದು. ಮನೆಯವರು ಬುದ್ಧಿಭ್ರಮಣೆಯಾಯಿತೆಂದು ಅತ್ತರು. ಗಾಳಿ ಸೋಕಿದೆ, ತಾಯಿತ ಕಟ್ಟಿಸಿ ಎಂದವರೂ ಇದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಮಾತ್ರ ಕೂತು, "ಅಜ್ಜಿ ಮನೇಲಿ ರಾತ್ರಿ ಹೊತ್ತು ಏನಾದ್ರೂ ಮಾತ್ರೆ ತಗೋತಿದ್ರಾ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರಿಗೂ ಅದನ್ನು ಹೇಳಬೇಕೆಂದೇ ತೋಚಿರಲಿಲ್ಲ. ಬಿದ್ದದ್ದಕ್ಕೂ ಆ ಮಾತ್ರೆಯೇ ಕಾರಣವಿರಬಹುದು, ಈಗಿನ ನಡುಕಕ್ಕೆ ಆ ಮಾತ್ರೆ ತಟ್ಟನೆ ನಿಂತದ್ದು ಕಾರಣ ಎಂದು ಅವರು ಬಿಡಿಸಿ ಹೇಳಿದರು. ಇದ್ದರೂ ಕಷ್ಟ, ಬಿಟ್ಟರೂ ಕಷ್ಟ ಎಂಬ ಇಂಥ ನಂಟು ಹೇಗೆ ಬೆಳೆಯುತ್ತದೆ ಎಂದು ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಈ ಮಾತ್ರೆಗಳ ಮೂಲಪುರುಷ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞ. ಅಮೆರಿಕದಲ್ಲಿ ಹಾಫ್‌ಮನ್ ಲಾ ರೋಶ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಆತ ತಯಾರಿಸಿ ಮೂಲೆಗಿಟ್ಟಿದ್ದ ಒಂದು ಪುಡಿ 1957ರಲ್ಲಿ ಪ್ರಯೋಗಾಲಯ ಶುಚಿ ಮಾಡುವಾಗ ಮತ್ತೆ ಕೈಗೆ ಸಿಕ್ಕಿತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಅದರ ತಂಗಿಯಾಗಿ ವೇಲಿಯಂ, ಅಂದರೆ ಡಯಾಜೆಪಾಮ್, ಬಂತು. ನಮ್ಮಲ್ಲಿ ಹಳಬರಿಗೆ ಅದು ಕಾಂಪೋಸ್ ಎಂದರೆ ತಟ್ಟನೆ ಗೊತ್ತಾಗುತ್ತದೆ. ಅದಕ್ಕೂ ಹಿಂದೆ ಇದ್ದ ಬಾರ್ಬಿಟ್ಯುರೇಟ್ ಎಂಬ ನಿದ್ದೆ ಮಾತ್ರೆಗಳು ಸ್ವಲ್ಪ ಹೆಚ್ಚಾದರೂ ಪ್ರಾಣಕ್ಕೇ ಬರುತ್ತಿದ್ದವು. ಹೊಸದು ಅಷ್ಟು ಅಪಾಯದ್ದಲ್ಲ ಎಂದು ಜಗತ್ತು ನಿಟ್ಟುಸಿರು ಬಿಟ್ಟಿತು. ಆ ನಿಟ್ಟುಸಿರು ಸುಳ್ಳೇನೂ ಅಲ್ಲ. ಫಿಟ್ಸ್ ಬಂದ ಮಗುವಿಗೆ, ಶಸ್ತ್ರಚಿಕಿತ್ಸೆಗೆ ಮುಂಚೆ ಹೆದರಿ ನಡುಗುವವರಿಗೆ, ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಇವತ್ತಿಗೂ ಈ ಔಷಧಿಗಳು ದೊಡ್ಡ ಉಪಕಾರ ಮಾಡುತ್ತಿವೆ.

ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಓಡುವ ನರಗಳಿಗೆ ಕಡಿವಾಣ ಹಾಕುವುದು ಅದರ ಕೆಲಸ. ಗಾಬರಿಯನ್ನು ಅಡಗಿಸುವ ವಸ್ತುವಿನ ಹೆಸರು ಗಾಬರಿಗೇ ಇಷ್ಟು ಹತ್ತಿರವಿರುವುದು ಬರೀ ಕಾಕತಾಳೀಯ. ಈ ಮಾತ್ರೆಗಳು ಗಾಬಾದ ಕೈಯನ್ನು ಬಲಪಡಿಸುತ್ತವೆ. ಮನಸ್ಸು ತಣ್ಣಗಾಗುತ್ತದೆ, ಕಣ್ಣು ಎಳೆಯುತ್ತದೆ. ಆದರೆ ದಿನವೂ ಹೊರಗಿನ ಬಲ ಬಂದರೆ ಮಿದುಳು ಅದಕ್ಕೆ ತಕ್ಕಂತೆ ತನ್ನ ಬಲವನ್ನು ತಗ್ಗಿಸಿಕೊಳ್ಳುತ್ತದೆ. ಕೆಲವೇ ವಾರಗಳಲ್ಲಿ ಅದೇ ಮಾತ್ರೆಗೆ ಅಷ್ಟೇ ನಿದ್ದೆ ಬರುವುದಿಲ್ಲ, ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಎಚ್ಚರ. "ನೋಡು, ಮಾತ್ರೆ ಇಲ್ಲದಿದ್ದರೆ ನನಗೆ ನಿದ್ದೆಯೇ ಬರಲ್ಲ" ಎಂದು ಅನೇಕರು ಹೇಳುವುದು ನಿಜವೇ. ಆದರೆ ಎಷ್ಟೋ ಸಲ ಅದು ಹಳೆಯ ಕಾಯಿಲೆಯ ಮಾತಲ್ಲ, ಮಾತ್ರೆ ತಾನೇ ಹುಟ್ಟಿಸಿದ ಎಚ್ಚರ.

ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಇದು ಕೈಸಾಲದಂತೆ. ಹತ್ತು ದಿನದ ಮಟ್ಟಿಗೆ ಪಕ್ಕದ ಮನೆಯಿಂದ ಇಸಿದುಕೊಂಡು ತೀರಿಸಿದರೆ ಅದೊಂದು ಉಪಕಾರ. ತೀರಿಸದೆ ದಿನವೂ ಇಸಿದುಕೊಳ್ಳುತ್ತಾ ಹೋದರೆ ಮೀಟರ್ ಬಡ್ಡಿ. ಕೊನೆಗೆ ತೆಗೆದುಕೊಂಡದ್ದೆಲ್ಲ ಬಡ್ಡಿಗೇ ಹೋಗಿ ಅಸಲು ಹಾಗೆಯೇ ಉಳಿಯುತ್ತದೆ.

ಆ ಬಡ್ಡಿ ಎಂಥದು ಎಂದು ಹೊರದೇಶಗಳಲ್ಲಿ ಬಹಳ ಹಿಂದೆಯೇ ಲೆಕ್ಕ ಹಾಕಿದ್ದಾರೆ. ಅಮೆರಿಕದ ಸೆನೆಟ್ಟಿನಲ್ಲಿ 1979ರಲ್ಲಿ ಎಡ್ವರ್ಡ್ ಕೆನಡಿಯವರು ಇದರ ಬಗ್ಗೆಯೇ ವಿಚಾರಣೆ ನಡೆಸಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವುದಕ್ಕಾಗಿಯೇ ಒಂದು ಚಿಕಿತ್ಸಾಲಯ ನಡೆಸಿದರು. ಬರುವವರ ಮಾತನ್ನು ಕೂತು ಕೇಳಿಯೇ ತಾನು ಈ ವಿದ್ಯೆ ಕಲಿತದ್ದೆಂದು ಆಕೆ ಹೇಳುತ್ತಿದ್ದರು. ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು, ಚೂರು ಚೂರೇ ಕಡಿಮೆ ಮಾಡಬೇಕೆಂಬ ಆಕೆಯ ಕ್ರಮವನ್ನು ಇಂದಿಗೂ ಜಗತ್ತು ನೆನೆಯುತ್ತದೆ. 1988ರಲ್ಲಿ ಬ್ರಿಟನ್ನಿನ ಔಷಧಿ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರ, ಅದಕ್ಕಿಂತ ಹೆಚ್ಚು ಬೇಡ ಎಂದು ವೈದ್ಯರಿಗೆ ತಿಳಿಸಿತು. 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಅಭ್ಯಾಸ, ಅವಲಂಬನೆ, ಬಿಡುವಾಗಿನ ಅಪಾಯ ಇವೆಲ್ಲವನ್ನೂ ಔಷಧಿಯ ಮಾಹಿತಿ ಪತ್ರದಲ್ಲೇ ಕಪ್ಪು ಚೌಕಟ್ಟಿನಲ್ಲಿ ಹಾಕಿಸಿದರು. ಜೋಲ್ಪಿಡೆಮ್‌ನಂಥ ಹೊಸ ನಿದ್ದೆ ಮಾತ್ರೆಗಳಿಗೂ, ನಿದ್ದೆಯಲ್ಲೇ ಎದ್ದು ನಡೆಯುವುದು, ಒಲೆ ಹಚ್ಚುವುದು, ವಾಹನ ಓಡಿಸುವುದು ಮುಂತಾದ ಅನಾಹುತಗಳು ನಡೆದದ್ದರಿಂದ, 2019ರಲ್ಲಿ ಇಂಥದೇ ಎಚ್ಚರಿಕೆ ಬಂತು.

ವಯಸ್ಸಾದವರಿಗೆ ಈ ಬಡ್ಡಿ ಇನ್ನೂ ದುಬಾರಿ. ಯಕೃತ್ತು ನಿಧಾನವಾಗಿರುವುದರಿಂದ ನಿನ್ನೆಯ ಡಯಾಜೆಪಾಮ್ ಇವತ್ತೂ ಮೈಯಲ್ಲಿರುತ್ತದೆ. ಇವತ್ತಿನದು ಅದರ ಮೇಲೆ ಸೇರುತ್ತದೆ. ಹಗಲೆಲ್ಲ ಮಂಕು, ನಡಿಗೆಯಲ್ಲಿ ತೂಕಡಿಕೆ, ಹೇಳಿದ್ದು ಮರೆಯುವುದು, ಬೀಳುವುದು, ಮೂಳೆ ಮುರಿಯುವುದು. ಮುಪ್ಪಿನವರಿಗೆ ಯಾವ ಔಷಧಿ ಕೊಡಬಾರದೆಂದು 1991ರಲ್ಲಿ ಡಾ. ಮಾರ್ಕ್ ಬಿಯರ್ಸ್ ಆರಂಭಿಸಿದ ಪಟ್ಟಿಯಲ್ಲಿ ಈ ಮಾತ್ರೆಗಳಿಗೂ ಜಾಗವಿದೆ. ಮರೆವಿನ ರೋಗವೇ ಇದರಿಂದ ಬರುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ. 2014ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದವರನ್ನು ಕುರಿತ ಅಧ್ಯಯನವೊಂದು ಇವೆರಡಕ್ಕೂ ನಂಟು ಕಂಡಿತು. ಆಮೇಲಿನ ಕೆಲವು ಅಧ್ಯಯನಗಳು ಹಾಗೆ ಹೇಳಲಿಲ್ಲ. ಮರೆವಿನ ರೋಗದ ಮೊದಲ ಲಕ್ಷಣವೇ ನಿದ್ದೆಗೇಡು ಇರಬಹುದಾದ್ದರಿಂದ ಯಾವುದು ಹಿಂದೆ ಯಾವುದು ಮುಂದೆ ಎಂದು ಬಿಡಿಸುವುದು ಕಷ್ಟ. ಬೀಳುವುದರ ಬಗ್ಗೆ ಮಾತ್ರ ಅಂಥ ಗೊಂದಲವಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅನೇಕ ದೇಶಗಳಲ್ಲಿ ಈ ಮಾತ್ರೆ ನುಂಗುವವರಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಎರಡು ಪಟ್ಟು. ಹೆಣ್ಣಿನ ಮನಸ್ಸು ಮೃದು ಎಂಬ ಹಳೆಯ ಉತ್ತರದಲ್ಲಿ ನನಗೆ ನಂಬಿಕೆಯಿಲ್ಲ. ಗಂಡಸಿಗೆ ಚಿಂತೆ ಬಂದರೆ ಅವನು ಹೊರಗೆ ಹೋಗುತ್ತಾನೆ, ಕಟ್ಟೆಯ ಮೇಲೆ ಕೂರುತ್ತಾನೆ, ಕೆಲವರು ಅಂಗಡಿಯ ಕಡೆಗೂ ನಡೆಯುತ್ತಾರೆ. ಹೆಂಗಸು ಚಿಂತೆಯನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗುತ್ತಾಳೆ, ಅದೂ ತಲೆನೋವೆಂದೋ ಎದೆಹಾರುವುದೆಂದೋ ಹೆಸರಿಟ್ಟು. ಹೊರಗಿನ ಬೆಂಚಿನ ಮೇಲೆ ನಲವತ್ತು ಜನ ಕಾಯುತ್ತಿರುವಾಗ ಅವಳ ಮಾತು ಪೂರ್ತಿ ಕೇಳಲು ವೈದ್ಯರಿಗೆ ಎಲ್ಲಿಯ ಸಮಯ? ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ಹೀಗೆ ಅವಳು ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿದು, ಅದೇ ಗಂಟಲಲ್ಲಿ ಮಾತ್ರೆ ಇಳಿಯುತ್ತದೆ.

ಗಂಡನ ಸಾಲಕ್ಕೆ ಹೆಂಡತಿ ಮಾತ್ರೆ ನುಂಗುವುದು, ಮಗನ ಕುಡಿತಕ್ಕೆ ತಾಯಿ ನುಂಗುವುದು, ಇದು ಚಿಕಿತ್ಸೆಯೋ ಅಥವಾ ಬಾಯಿ ಮುಚ್ಚಿಸುವ ನಯವಾದ ಉಪಾಯವೋ? ನನ್ನ ಗೆಳತಿಯೊಬ್ಬಳ ಮುಂದೆ ಹೀಗೆ ಅಂದಾಗ ಅವಳು ಚೆನ್ನಾಗಿಯೇ ಬಾಯಿ ಕಟ್ಟಿದಳು. "ನೀನು ಹೇಳೋದು ಕೇಳೋಕೆ ಚೆಂದ ಕಣೆ. ಕಾರಣ ಹೋಗೋವರೆಗೂ ನಾನು ಕಣ್ಣು ಬಿಟ್ಕೊಂಡೇ ಇರಬೇಕಾ? ಬೋರು ಹಾಕಿಸಿದ ಸಾಲ ತೀರೋಕೆ ಇನ್ನೂ ಎಂಟು ವರ್ಷ ಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಡೇರಿಗೆ ಹಾಲು ಹಾಕ್ಬೇಕು. ನಿದ್ದೆ ಇಲ್ದೆ ಸತ್ರೆ ನಿನ್ನ ನ್ಯಾಯ ಬಂದು ಹಸು ಹಿಂಡ್ತದಾ?"

ಅವಳ ಮಾತಿನಲ್ಲಿ ಹುರುಳಿದೆ. ಕಷ್ಟವನ್ನು ಸಹಿಸಿಕೊಂಡಷ್ಟೂ ಪುಣ್ಯ ಎಂದು ಇನ್ನೊಬ್ಬರಿಗೆ ಬೋಧಿಸುವ ಹಕ್ಕು ಯಾರಿಗೂ ಇಲ್ಲ. ನೋವು ಕಳೆಯುವ ಮದ್ದಿದ್ದರೆ ಕೇಳುವುದು ದೌರ್ಬಲ್ಯವೂ ಅಲ್ಲ. ಆದರೆ ಅವಳ ವಾದ ನಿಲ್ಲಬೇಕಾದರೆ ಮಾತ್ರೆ ಎಂಟು ವರ್ಷವೂ ನಿದ್ದೆ ಕೊಡಬೇಕು. ಅದು ಕೊಡುವುದಿಲ್ಲ, ನಾನು ಒಪ್ಪಲಾರದ್ದು ಇಲ್ಲಿ. ಕೆಲವು ವಾರಗಳ ಮೇಲೆ ನಿದ್ದೆ ಕಡಿಮೆಯಾಗುತ್ತದೆ, ಮಾತ್ರೆ ಮಾತ್ರ ಉಳಿಯುತ್ತದೆ. ಎಂಟು ವರ್ಷದ ಸಾಲದ ಜೊತೆಗೆ ಇನ್ನೊಂದು ಸಾಲ. ಇಷ್ಟನ್ನು ಮೊದಲ ದಿನವೇ ಅವಳಿಗೆ ತಿಳಿಸಿದ್ದರೆ, ತಿಳಿದೂ ಅವಳು ತೆಗೆದುಕೊಂಡಿದ್ದರೆ, ಅದು ಅವಳ ತೀರ್ಮಾನವಾಗುತ್ತಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ದೂರು ಅವಳ ಮೇಲಲ್ಲ, ಆ ಮೌನದ ಮೇಲೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ತನಗಾಗಿ ನುಂಗುವುದು ಬೇರೆ, ಇನ್ನೊಬ್ಬರಿಗೆ ನುಂಗಿಸುವುದು ಬೇರೆ. ವಯಸ್ಸಾಗಿ ಮರೆವು ಬಂದ ಅತ್ತೆ ರಾತ್ರಿಯೆಲ್ಲ ಎದ್ದು ಓಡಾಡುತ್ತಾರೆ, ಬೀದಿ ಬಾಗಿಲು ತೆಗೆಯುತ್ತಾರೆ, ಎಂದೋ ಸತ್ತ ತಮ್ಮ ಬಂದಿದ್ದಾನೆಂದು ಕೂಗುತ್ತಾರೆ. ಸೊಸೆಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಯಾರೋ ಹೇಳುತ್ತಾರೆ, "ಒಂದು ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕ್ಬುಡು, ಬೆಳಗಾಗೋವರ್ಗೂ ಏಳಲ್ಲ." ಇಂಥ ಮಾತನ್ನು ನಾನು ಒಂದಲ್ಲ ಹಲವು ಜಗಲಿಗಳ ಮೇಲೆ ಕೇಳಿದ್ದೇನೆ. ಹೇಳಿದವರು ಕೆಟ್ಟವರಲ್ಲ. ಹಾಕಿದವರೂ ಕೆಟ್ಟವರಲ್ಲ.

ನಮ್ಮ ಕಡೆ ತೆಲುಗು ಮಾತಾಡುವ ಮನೆಗಳು ಬಹಳ. ಊರ್ಮಿಳಾದೇವಿಯ ನಿದ್ದೆಯ ಹಾಡನ್ನು ತೆಲುಗಿನ ಅಜ್ಜಿಯರು ರಾಗವಾಗಿ ಹಾಡುತ್ತಾರೆ. ಕಾಡಿನಲ್ಲಿ ಅಣ್ಣನ ಕಾವಲಿಗೆ ಲಕ್ಷ್ಮಣ ಎಚ್ಚರವಿರಬೇಕು, ಅವನ ಪಾಲಿನ ಹದಿನಾಲ್ಕು ವರ್ಷದ ನಿದ್ದೆಯನ್ನು ಊರ್ಮಿಳೆ ಅರಮನೆಯಲ್ಲಿ ಮಲಗಿ ತೀರಿಸಿದಳು. ಚಿಕ್ಕವಳಿದ್ದಾಗ ಪುಣ್ಯವಂತೆ, ಕೆಲಸವಿಲ್ಲದೆ ಮಲಗಿದ್ದಳು ಎಂದು ನಗುತ್ತಿದ್ದೆ. ಈಗ ಆ ಕಥೆ ಬೇರೆಯಾಗಿ ಕಾಣುತ್ತದೆ. ಮನೆಯ ಕೆಲಸ ಸಾಗಲೆಂದು ಒಬ್ಬಳ ಹದಿನಾಲ್ಕು ವರ್ಷ ಕಣ್ಣು ಮುಚ್ಚಿಯೇ ಹೋಯಿತಲ್ಲ. ಊರ್ಮಿಳೆಯನ್ನಾದರೂ ಒಂದು ಮಾತು ಕೇಳಿದ್ದರೆನ್ನಿ. ಹಾಲಿನ ಲೋಟ ಹಿಡಿದ ಮುದುಕಿಯನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಮಾತ್ರೆ ಯಾರು ನುಂಗುತ್ತಾರೆ, ಅದರಿಂದ ನಿದ್ದೆ ಯಾರಿಗೆ ಬರುತ್ತದೆ? ಎರಡೂ ಒಬ್ಬರೇ ಆದರೆ ಅದು ಔಷಧಿಯ ದಾರಿ. ನುಂಗುವವರು ಒಬ್ಬರು, ಮಲಗುವವರು ಇನ್ನೊಬ್ಬರು ಆದಾಗ ನಿಂತು ಯೋಚಿಸಬೇಕು. ಗೊತ್ತಿಲ್ಲದಂತೆ ಬೆರೆಸಿಕೊಟ್ಟರೆ ಅದು ಮೋಸವೇ, ಪ್ರೀತಿಯಿಂದ ಮಾಡಿದರೂ. ಮರೆವಿನ ರೋಗದವರಿಗೆ ಇವು ಗೊಂದಲವನ್ನು ಹೆಚ್ಚಿಸುವುದೂ ಉಂಟು. ರಾತ್ರಿಯ ಓಡಾಟದ ಹಿಂದೆ ಮೂತ್ರದ ಸೋಂಕೋ, ಮಲಬದ್ಧತೆಯೋ, ಹೇಳಲಾಗದ ಮಂಡಿನೋವೋ ಇರಬಹುದು. ಹಾಲಿನಲ್ಲಿ ಬೆರೆತ ಮಾತ್ರೆ ಅದೆಲ್ಲವನ್ನೂ ಮುಚ್ಚಿಹಾಕುತ್ತದೆ.

ಆದರೆ ಸೊಸೆಯನ್ನು ಕಟಕಟೆಯಲ್ಲಿ ನಿಲ್ಲಿಸಿ ಕೈತೊಳೆದುಕೊಂಡರೆ ಅದೂ ಅನ್ಯಾಯ. ಆ ಮನೆಯಲ್ಲಿ ಮಗನಿದ್ದಾನೆ, ಹತ್ತಿರದ ಊರಿನಲ್ಲಿ ಹೆಣ್ಣುಮಕ್ಕಳಿದ್ದಾರೆ. ವಾರದಲ್ಲಿ ಎರಡು ರಾತ್ರಿ ಮಗ ಅಮ್ಮನ ಪಕ್ಕ ಮಲಗಿದರೆ, ತಿಂಗಳಿಗೆ ಒಂದು ವಾರ ಮಗಳು ಬಂದಿದ್ದರೆ ಹಾಲಿನ ಲೋಟಕ್ಕೆ ಆ ಪುಡಿ ಬೀಳುತ್ತಿರಲಿಲ್ಲವೇನೋ. ಮಾತ್ರೆ ಕೊಟ್ಟದ್ದು ಸೊಸೆಯ ಕೈ, ಕೊಡಿಸಿದ್ದು ಮಲಗಿ ಗೊರಕೆ ಹೊಡೆಯುತ್ತಿದ್ದ ಮಿಕ್ಕವರು. ರಾತ್ರಿಯನ್ನು ಹಂಚಿಕೊಳ್ಳದವರಿಗೆ ಬೆಳಿಗ್ಗೆ ಬಂದು ನ್ಯಾಯ ಹೇಳುವ ಅಧಿಕಾರವಿಲ್ಲ.

ಇಷ್ಟು ಓದಿ ಯಾರಾದರೂ ಅಕ್ಕಂದಿರು ನಾಳೆಯೇ ಡಬ್ಬಿ ತೆಗೆದು ಮಾತ್ರೆಗಳನ್ನು ತಿಪ್ಪೆಗೆ ಎಸೆದರೆ ನಾನು ಬರೆದದ್ದಕ್ಕಿಂತ ಬರೆಯದಿದ್ದದ್ದೇ ಮೇಲು ಎನ್ನಬೇಕಾಗುತ್ತದೆ. ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯ. ಇದಕ್ಕೆ ಒಂದು ದೊಡ್ಡ ಉದಾಹರಣೆ ನಮ್ಮ ನೆರೆಯಲ್ಲೇ ನಡೆಯಿತು. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಅಲ್ಪ್ರಾಜೋಲಾಮ್, ಡಯಾಜೆಪಾಮ್ ಬೆರೆಸುವ ದಂಧೆಯಿತ್ತು. 2015ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಬಿಗಿಮಾಡಿತು. ಒಳ್ಳೆಯ ಕೆಲಸವೇ. ಆದರೆ ನಿಜಾಮಾಬಾದಿನ ಕಡೆಯ ಆಸ್ಪತ್ರೆಗಳಿಗೂ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೂ ನಡುಗುತ್ತಾ, ಫಿಟ್ಸ್ ಬಂದು, ಏನೇನೋ ಬಡಬಡಿಸುತ್ತಾ ನೂರಾರು ಜನ ಬಂದು ಬಿದ್ದರು. ಕೂಲಿನಾಲಿ ಮಾಡುವ ಹೆಂಗಸರೂ ಅವರಲ್ಲಿದ್ದರು. ತಾವು ನುಂಗುತ್ತಿರುವುದು ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಸಾಯಂಕಾಲದ ಸೇಂದಿ ಎಂದುಕೊಂಡಿದ್ದರು ಅಷ್ಟೆ.

ಇನ್ನೊಂದು ಮಾತು. ಮನೋವೈದ್ಯರು ಕೊಡುವ ಮಾತ್ರೆಗಳೆಲ್ಲ ಇದೇ ಜಾತಿಯವಲ್ಲ. ಖಿನ್ನತೆಗೆ, ಬೇರೆ ಮನೋರೋಗಗಳಿಗೆ ಕೊಡುವ ಔಷಧಿಗಳ ಗುಣವೇ ಬೇರೆ, ಅವನ್ನು ತಿಂಗಳು, ವರ್ಷಗಟ್ಟಲೆ ತೆಗೆದುಕೊಳ್ಳಬೇಕಾಗಿ ಬರಬಹುದು. "ಹುಚ್ಚಿನ ಮಾತ್ರೆ ಯಾಕೆ ತಿಂತೀಯ, ದೇವರ ಮೇಲೆ ಭಾರ ಹಾಕು" ಎಂದು ಅವುಗಳನ್ನು ಬಿಡಿಸುವವರು ಹಾಲಿಗೆ ಪುಡಿ ಬೆರೆಸುವವರಿಗಿಂತ ಹೆಚ್ಚು ಅನಾಹುತ ಮಾಡುತ್ತಾರೆ. ಮಾತ್ರೆಯನ್ನು ನಾಚಿಕೆಯ ವಸ್ತು ಮಾಡಿದ್ದರಿಂದಲೇ ಅಲ್ಲವೇ ನಮ್ಮ ಹಿರಿಯಾಕೆಯ ಮನೆಯವರು ಆಸ್ಪತ್ರೆಯಲ್ಲಿ ಅದರ ಹೆಸರೆತ್ತದೆ ಮೂರು ದಿನ ಕಳೆದದ್ದು? ಸೆರಗಿನ ಮರೆಯಲ್ಲಿಟ್ಟದ್ದು ವೈದ್ಯರ ಕಣ್ಣಿಗೂ ಮರೆಯಾಯಿತು.

ಹಾಗಾದರೆ ಯಾರು ಏನು ಮಾಡಬೇಕು? ಬರೆದುಕೊಡುವ ವೈದ್ಯರು ಎಂದಿನಿಂದ ಎಂದು ಬರೆಯುವಂತೆ ಎಂದಿನವರೆಗೆ ಎಂದೂ ಬರೆಯಬೇಕು, ಬಾಯಲ್ಲಿಯೂ ಹೇಳಬೇಕು. ಔಷಧಿ ಅಂಗಡಿಯವರಿಗೆ ಕಾನೂನೇ ಇದೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್‌1 ಅನುಸೂಚಿಯಲ್ಲಿ ಅಲ್ಪ್ರಾಜೋಲಾಮ್, ಡಯಾಜೆಪಾಮ್‌ನಂಥ ಕೆಲವು ಮಾತ್ರೆಗಳಿವೆ. ಚೀಟಿ ನೋಡಿಯೇ ಕೊಡಬೇಕು, ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಮಾತ್ರೆಯ ಲೆಕ್ಕ ಇವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಮುಖಪರಿಚಯ ಚೀಟಿಯಲ್ಲ. "ಪಾಪ, ನಮ್ಮಮ್ಮನ ಹಾಗೆ" ಎಂದು ದಯೆಯಿಂದ ಕೊಟ್ಟ ಹಾಳೆಯೂ ಬಚ್ಚಲಲ್ಲಿ ಬೀಳಿಸಬಲ್ಲದು.

ನಾವೇನು ಮಾಡಬಹುದು ಎಂಬುದಕ್ಕೆ ಕ್ವಿಬೆಕ್‌ನಲ್ಲೇ ನಡೆದ ಇನ್ನೊಂದು ಪ್ರಯೋಗ ನನಗೆ ಬಹಳ ಧೈರ್ಯ ಕೊಟ್ಟಿತು. 65 ದಾಟಿದ, ಬಹಳ ಕಾಲದಿಂದ ಈ ಮಾತ್ರೆ ನುಂಗುತ್ತಿದ್ದ ಹಿರಿಯರಿಗೆ ಒಂದು ಪುಟ್ಟ ಪುಸ್ತಿಕೆ ಕೊಟ್ಟರು. ಮಾತ್ರೆಯಿಂದ ಏನಾಗುತ್ತದೆ, ವಾರ ವಾರ ಹೇಗೆ ಅರ್ಧ, ಕಾಲು ಎಂದು ಇಳಿಸಿಕೊಂಡು ಬರಬೇಕು ಎಂಬುದನ್ನು ಸರಳವಾಗಿ ಬರೆದು, ನಿಮ್ಮ ವೈದ್ಯರ ಜೊತೆ ಮಾತಾಡಿ ಎಂದರು. 2014ರಲ್ಲಿ ಪ್ರಕಟವಾದ ಫಲ ನೋಡಿ: ಪುಸ್ತಿಕೆ ಸಿಕ್ಕವರಲ್ಲಿ ಆರು ತಿಂಗಳಿಗೆ ನೂರಕ್ಕೆ 27 ಜನ ಮಾತ್ರೆಯನ್ನು ಪೂರ್ತಿ ಬಿಟ್ಟಿದ್ದರು, ಸಿಗದವರಲ್ಲಿ ನೂರಕ್ಕೆ 5 ಜನ. ಅವರೇನು ಹುಡುಗಿಯರಲ್ಲ, ಅಜ್ಜಿಯರು. ಈ ವಯಸ್ಸಿಗೆ ಅವರಿಗೆ ಹೇಳಿ ಏನು ಪ್ರಯೋಜನ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ನಿದ್ದೆಗೇಡಿಗೆ ಮಾತ್ರೆಯಿಲ್ಲದ ಚಿಕಿತ್ಸೆಯೂ ಇದೆ. ಅಮೆರಿಕದ ವೈದ್ಯರ ಸಂಘ 2016ರಲ್ಲಿ ಬಹಳ ದಿನದ ನಿದ್ದೆಗೇಡಿಗೆ ಅದನ್ನೇ ಮೊದಲು ಮಾಡಿ ಎಂದು ಹೇಳಿತು. ಎಷ್ಟೇ ಹೊತ್ತಿಗೆ ಮಲಗಿದರೂ ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬರದಿದ್ದರೆ ಹೊರಳಾಡದೆ ಎದ್ದು ಕೂತು ಕಣ್ಣು ಎಳೆದಾಗ ಮತ್ತೆ ಮಲಗುವುದು, ಹಗಲಿನ ಉದ್ದ ನಿದ್ದೆ ಬಿಡುವುದು, ಮಧ್ಯಾಹ್ನದ ಮೇಲೆ ಕಾಫಿ ಬಿಡುವುದು, ಇಂದು ನಿದ್ದೆ ಬರದಿದ್ದರೆ ನಾಳೆ ಏನು ಗತಿ ಎಂಬ ಹೆದರಿಕೆಯನ್ನು ಬಿಡಿಸುವುದು. ಕೇಳಲು ಸುಲಭ, ಮೊದಲ ಎರಡು ವಾರ ಕಷ್ಟ. ಮನಸ್ಸಿನ ವೈದ್ಯರನ್ನು ಕಾಣಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ಆರಂಭಿಸಿತು, ನಿಮ್ಮ ಊರಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಖರ್ಚಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಆದರೂ ಈ ವಿಷಯದ ಬೇರು ಆಸ್ಪತ್ರೆಯಲ್ಲಿ ಇಲ್ಲವೆಂದೇ ನನಗೆ ತೋರುತ್ತದೆ. ಮನೆಯ ಹೆಂಗಸು ರಾತ್ರಿ ಎರಡಕ್ಕೆ ಎದ್ದು ಅಡಿಗೆ ಮನೆಯ ದೀಪ ಹಾಕಿ ಕೂತರೆ, "ದೀಪ ಆರಿಸು, ಕಣ್ಣಿಗೆ ಹೊಡೀತದೆ" ಎನ್ನುವವರೇ ಹೆಚ್ಚು. ಯಾಕೆ ಎದ್ದೆ ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಪಕ್ಕದಲ್ಲಿ ಕೂರುವ ಒಬ್ಬರಿದ್ದರೆ ಅವಳ ಸಾಲ ತೀರುವುದಿಲ್ಲ, ಮಾವಿಗೆ ಬೆಲೆ ಬರುವುದಿಲ್ಲ, ಮಾತ್ರೆಯೇ ಬೇಡವಾಗುತ್ತದೆ ಎಂದೂ ನಾನು ಹೇಳಲಾರೆ. ಬೇಕಾದರೂ ಹತ್ತು ದಿನದ ಮಾತ್ರೆ ಹತ್ತು ದಿನಕ್ಕೇ ಮುಗಿಯಬಹುದು. ಹನ್ನೊಂದನೆಯ ದಿನ ಅದು ಯಾಕೆ ಇನ್ನೂ ಡಬ್ಬಿಯಲ್ಲಿದೆ ಎಂದು ಕೇಳುವವರು ಒಬ್ಬರಾದರೂ ಆ ಮನೆಯಲ್ಲಿ ಇರುತ್ತಾರೆ.